ಹೊನ್ನಪ್ಪನವರ ‘ಅಪ್ಪ’ನನ್ನು ಕಿತ್ತ ಪ್ರಸಂಗ

ನಮ್ಮ ಕಾರ್ಖಾನೆಯ ಆಡಳಿತಾಧಿಕಾರಿ ಶಿವಶಂಕರನಿಗೆ ದಿನಕ್ಕೆ ಎರಡು ಜನ್ಮ. ಬೆಳಗ್ಗೆ ಕಾರ್ಖಾನೆಯ ಗೇಟು ದಾಟಿ ಒಳಗೆ ಬಂದರೆ ‘ಸಾರ್’. ಸಾಯಂಕಾಲ ಅದೇ ಗೇಟು ದಾಟಿ ಹೊರಗೆ ಹೋದರೆ ‘ಲೋ ಶಂಕ್ರ’. ಯಾಕೆಂದರೆ ಆತ ಮನೆ ಅಳಿಯ. ನಾಗಮಂಗಲದ ಕಡೆಯವನು, ಸಂತೆಬಾಚಹಳ್ಳಿ ಹತ್ತಿರದ ನಮ್ಮೂರಿಗೆ ಬಂದು ಹೊನ್ನಪ್ಪನವರ ಒಬ್ಬಳೇ ಮಗಳು ಅರ್ಪಿತಳನ್ನು ಮದುವೆಯಾಗಿ ಅಲ್ಲೇ ಉಳಿದುಬಿಟ್ಟ. ಮನೆ ಅಳಿಯನ ಬಾಳು ನಮ್ಮ ಕಡೆ ಹೇಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೂ ಕೊರತೆಯಿಲ್ಲ, ಮಾತಿಗೂ ಕೊರತೆಯಿಲ್ಲ; ಊಟ ಅವನು ಮಾಡುತ್ತಾನೆ, ಮಾತು ಉಳಿದವರು ಆಡುತ್ತಾರೆ.

ವಿಷಯ ಇಷ್ಟೇ ಆಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ಆ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ಕಾವಲಿನವರು ಬೇರೆ ಯಾರೂ ಅಲ್ಲ, ಸಾಕ್ಷಾತ್ ಮಾವ ಹೊನ್ನಪ್ಪನವರು. ಕಾರ್ಖಾನೆ ನಿಂತಿರುವುದೇ ಅವರ ಜಮೀನಿನಲ್ಲಿ. ಗುತ್ತಿಗೆಗೆ ಕೊಡುವಾಗ, ನನ್ನ ಜಮೀನಿನ ಬಾಗಿಲಲ್ಲಿ ನಾನೇ ಕೂರುತ್ತೇನೆ ಎಂದು ಹಟ ಹಿಡಿದು ಗೇಟಿನ ಕೆಲಸ ಬರೆಸಿಕೊಂಡರು. ಹೀಗಾಗಿ ಹಗಲು ಮಾವ ಅಳಿಯನ ಕೈಕೆಳಗೆ, ಹೊತ್ತು ಮುಳುಗಿದ ಮೇಲೆ ಅಳಿಯ ಮಾವನ ಕೈಕೆಳಗೆ. ಅಳಿಯನಿಗೆ ‘ಸಾರ್’ ಅನ್ನುವ ಮಾತು ಮಾತ್ರ ಅವರ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಬೆಳಗ್ಗೆ ಅವನ ಬೈಕು ಬಂದರೆ ಏನೂ ಅನ್ನದೆ ಗೇಟು ತೆಗೆಯುತ್ತಿದ್ದರು.

ನಾನು ರವೀಂದ್ರ, ಅದೇ ಕಾರ್ಖಾನೆಯ ಸ್ಟೋರಿನವನು. ನನ್ನ ಕಿಟಕಿಗೆ ಗೇಟು ನೇರ ಕಾಣುತ್ತದೆ, ಹಾಗಾಗಿ ಇದೆಲ್ಲ ನನಗೆ ಗೊತ್ತು. ನಾವು ತಯಾರಿಸುವುದು ಮಿಡಿಸೌತೆಯ ಉಪ್ಪಿನಕಾಯಿ. ಸುತ್ತಮುತ್ತಲ ರೈತರಿಂದ ಬಂದ ಮಿಡಿಯನ್ನು ಹೆಂಗಸರು ಅಳತೆ ನೋಡಿ ಆರಿಸುತ್ತಾರೆ, ಗಂಡಸರು ಉಪ್ಪುನೀರಿನ ಡ್ರಮ್ಮಿಗೆ ತುಂಬುತ್ತಾರೆ, ಲಾರಿ ಅದನ್ನು ಬಂದರಿಗೆ ಒಯ್ಯುತ್ತದೆ. ಖಾರವಿಲ್ಲದ ಆ ಉಪ್ಪಿನಕಾಯಿಯನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ.

ಕಾರ್ಖಾನೆಯನ್ನು ಹಾಲೆಂಡಿನವರು ಕೊಂಡುಕೊಂಡಾಗ ಶಿವಶಂಕರನ ವೈಭವ ಉತ್ತುಂಗದಲ್ಲಿತ್ತು. ಅವನ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ಲು ಹೊದಿಸಿತ್ತು. ಅವನಿಗೆ ಮಾತ್ರ ಟೀ ಸಾಸರಿನಲ್ಲಿ ಬರುತ್ತಿತ್ತು. ಒಂದೊಂದು ‘ಸಾರ್’ ಕಿವಿಗೆ ಬಿದ್ದಾಗಲೂ ಬೆನ್ನು ನೆಟ್ಟಗಾಗುತ್ತಿತ್ತು. ಹಾಲೆಂಡಿನಿಂದ ಬರುವ ದೊಡ್ಡವರು ವರ್ಷವಿದ್ದು, ಹೋಗುವಾಗ ಇಲ್ಲಿಯವರನ್ನೇ ಒಬ್ಬರನ್ನು ಮ್ಯಾನೇಜರ್ ಮಾಡಿ ಹೋಗುತ್ತಾರಂತೆ ಎಂಬ ಸುದ್ದಿ ಬಂದ ದಿನ ಅವನು ಸ್ಟೋರಿಗೆ ಬಂದು ಬಾಗಿಲು ಮುಂದೆ ಮಾಡಿದ.

“ಮ್ಯಾನೇಜರ್ ಆದ್ರೆ ನಮ್ಮಾವನೂ ಮರ್ವಾದೆ ಕೊಟ್ಟು ಕರೀಲೇಬೇಕಲ್ವಾ ರವಿ? ದಿನಾ ಬ್ಯಾಡ. ಒಂದೇ ಒಂದ್ ಸಲ ಕರುದ್ರೆ ಸಾಕು ಕನ” ಎಂದ.

ಪಾಪ ಅನ್ನಿಸಿತು. ಆಗುತ್ತದೆ ಬಿಡು ಎಂದೆ. ಹಾಗನ್ನದೆ ಇನ್ನೇನು ಹೇಳಲಿ?

ಬಂದವರ ಹೆಸರು ಯಾನ್. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಮನುಷ್ಯ, ಮಗುವಿನಂಥ ಮುಖ. ಮೊದಲ ದಿನವೇ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಇಲ್ಲಿ ಯಾರೂ ಸಾರ್ ಅಲ್ಲ, ಯಾರೂ ಮೇಡಂ ಅಲ್ಲ, ನಾನು ಬರೀ ಯಾನ್, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು ಎಂದರು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕರ್ಮ ಶಿವಶಂಕರನದೇ. ‘ಯಾರೂ ಸಾರ್ ಅಲ್ಲ’ ಎಂಬಲ್ಲಿಗೆ ಬಂದಾಗ ಅವನು ದನಿ ತಗ್ಗಿಸಿ, ಹಿಂದಿನ ಸಾಲಿಗೆ ಕೇಳದ ಹಾಗೆ ಹೇಳಿದ. ಮಧ್ಯಾಹ್ನ ಯಾನ್ ನಮ್ಮ ಜೊತೆ ನೆಲದ ಮೇಲೆ ಕೂತು ಮುದ್ದೆ ಉಂಡರು, ತಟ್ಟೆ ತಾವೇ ತೊಳೆದರು, ಒದ್ದೆ ಕೈ ಒರೆಸಲು ಬಟ್ಟೆ ಹುಡುಕುತ್ತಾ ಹೋಗಿ ಶಿವಶಂಕರನ ಕುರ್ಚಿಯ ಟವೆಲ್ಲಿಗೆ ಒರೆಸಿ, ಇದನ್ನು ಇಲ್ಲಿ ಇಟ್ಟಿರುವುದು ಬಹಳ ಅನುಕೂಲ ಎಂದು ಮೆಚ್ಚಿಕೊಂಡರು. ಮಾರನೆಯ ದಿನದಿಂದ ಎಲ್ಲರೂ ಅಲ್ಲಿಗೇ ಬಂದು ಒರೆಸತೊಡಗಿದರು.

ಆಮೇಲೆ ಶುರುವಾಯಿತು ನೋಡಿ, ಕೆಮ್ಮು.

ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆದು ನಮ್ಮ ನಾಲಿಗೆಗೆ ಅಭ್ಯಾಸವಿಲ್ಲ. ‘ಸಾರ್’ ಅನ್ನಬಾರದು, ‘ಯಾನ್’ ಅನ್ನಲು ಬಾಯಿ ಬಾರದು. ಮತ್ತೇನು ಮಾಡುವುದು? ಎದುರಿಗೆ ಹೋಗಿ ನಿಂತು, ಅವರು ತಿರುಗುವ ತನಕ ಕೆಮ್ಮುವುದು. ಚೀಟಿ ಬೇಕೇ, ಕೆಮ್ಮು. ರಜೆ ಬೇಕೇ, ಕೆಮ್ಮು. ರಜೆಗೆ ಕಾರಣ ಹೇಳಬೇಕಾದರೆ ಎರಡು ಸಲ ಕೆಮ್ಮು. ಮೇಸ್ತ್ರಿಗಳಿಗೂ ಹಾಗೇ, ಶಿವಶಂಕರನಿಗೂ ಹಾಗೇ. ವಾರದೊಳಗೆ ಇಡೀ ಕಾರ್ಖಾನೆ ಆಸ್ಪತ್ರೆಯ ವಾರ್ಡಿನ ಹಾಗೆ ಕೇಳಿಸತೊಡಗಿತು. ಯಾನ್ ಗಾಬರಿಯಾದರು. ವಿನೆಗರಿನ ಘಾಟು ಜನರ ಎದೆಗೆ ಹೊಕ್ಕಿದೆ ಎಂದು ಪಾಂಡವಪುರದಿಂದ ಡಾಕ್ಟರನ್ನು ಕರೆಸಿ, ಕೆಲಸ ನಿಲ್ಲಿಸಿ, ಎಲ್ಲರಿಗೂ ಎದೆ ಪರೀಕ್ಷೆ ಮಾಡಿಸಿದರು. ಡಾಕ್ಟರು ನಮ್ಮ ಕಡೆಯವರೇ. ಮಧ್ಯಾಹ್ನದ ತನಕ ಸ್ಟೆತಾಸ್ಕೋಪು ಇಟ್ಟು ಇಟ್ಟು ಸುಸ್ತಾಗಿ, ಇದು ಎದೆಯ ಕೆಮ್ಮಲ್ಲ, ಮರ್ಯಾದೆಯ ಕೆಮ್ಮು, ಇದಕ್ಕೆ ನಮ್ಮಲ್ಲಿ ಮಾತ್ರೆ ಇಲ್ಲ ಎಂದು ಹೇಳಿ ಬ್ಯಾಗು ಎತ್ತಿಕೊಂಡು ಹೋದರು.

ಹಾಗೆಂದರೇನು ಎಂದು ಯಾನ್ ಶಿವಶಂಕರನನ್ನು ಕೇಳಿದರು. ಅವನಿಗೆ ಇಂಥದೊಂದು ಘಳಿಗೆಯೇ ಬೇಕಾಗಿತ್ತು. ನಮ್ಮ ನಾಡಿನಲ್ಲಿ ಸಮಾನತೆ ನಡೆಯುವ ಮಾತಲ್ಲ ಎಂದು ತೋರಿಸಿಕೊಟ್ಟರೆ ‘ಸಾರ್’ ತಾನಾಗಿಯೇ ವಾಪಸು ಬರುತ್ತದೆ ಎಂದು ಎಣಿಸಿ, ಬಿಳಿ ಹಲಗೆಯ ಮುಂದೆ ನಿಂತು ಪಾಠ ಶುರು ಮಾಡಿದ. ನಮ್ಮಲ್ಲಿ ಮರ್ಯಾದೆ ಹೆಸರಿನೊಳಗೇ ಇರುತ್ತದೆ. ಹೊನ್ನಪ್ಪ ಎಂಬುದರಲ್ಲಿ ‘ಅಪ್ಪ’ ಇದೆ, ಅಪ್ಪ ಎಂದರೆ ತಂದೆ. ಸಣ್ಣಯ್ಯ ಎಂಬುದರಲ್ಲಿ ‘ಅಯ್ಯ’ ಇದೆ, ಅಯ್ಯ ಎಂದರೆ ಒಡೆಯ. ಮುತ್ತಮ್ಮ ಎಂಬುದರಲ್ಲಿ ‘ಅಮ್ಮ’ ಇದೆ, ಅಮ್ಮ ಎಂದರೆ ತಾಯಿ. ಹೀಗೆ ಹೆಸರು ಹಿಡಿದು ಕರೆದರೂ ತಂದೆ ತಾಯಿ ಒಡೆಯ ಎಂದೇ ಕರೆದ ಹಾಗಾಗುತ್ತದೆ. ಆದ್ದರಿಂದ ಹಾಲೆಂಡಿನ ಪದ್ಧತಿ ಇಲ್ಲಿ ಸಾಧ್ಯವೇ ಇಲ್ಲ. ಇಷ್ಟು ಹೇಳಿ ಜಂಬದಿಂದ ಪೆನ್ನಿನ ಮುಚ್ಚಳ ಹಾಕಿದ.

ಯಾನ್ ಬಹಳ ಹೊತ್ತು ಹಲಗೆ ನೋಡಿದರು. ಟೀ ತರುವ ತಿಮ್ಮೇಶನ ಹೆಸರಿನಲ್ಲಿ ಅಪ್ಪನೂ ಇಲ್ಲ, ಅಯ್ಯನೂ ಇಲ್ಲವಲ್ಲ, ಇದು ಅನ್ಯಾಯವಲ್ಲವೇ ಎಂದರು. ಆಮೇಲೆ ಎದ್ದು ಹೋಗಿ, ಬಟ್ಟೆಯ ಚೂರು ತೆಗೆದುಕೊಂಡು ಹಲಗೆಯ ಮೇಲಿದ್ದ ಎಲ್ಲ ‘ಅಪ್ಪ’ಗಳನ್ನೂ ‘ಅಯ್ಯ’ಗಳನ್ನೂ ‘ಅಮ್ಮ’ಗಳನ್ನೂ ಒರೆಸಿಬಿಟ್ಟರು. ಕಾರ್ಖಾನೆಯ ಒಳಗೆ ಯಾರ ಹೆಸರಿಗೂ ಬಾಲ ಬೇಡ, ನಾಳೆಯೇ ಎಲ್ಲರ ಎದೆಗೂ ಹೆಸರಿನ ಬಿಲ್ಲೆ ಮಾಡಿಸು, ನಿನಗೆ ಸರಿ ಅನ್ನಿಸುತ್ತದೆ ತಾನೇ ಎಂದು ಕೇಳಿದರು.

ಆಗ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೇಲಿನವರಿಗೆ ಇಲ್ಲ ಅನ್ನುವುದು ನಮ್ಮ ವಂಶದಲ್ಲೇ ಇಲ್ಲ. ಸಮಾನತೆ ಬೇಡ ಎಂದು ಹೇಳುವಷ್ಟು ಸಮಾನರು ನಾವಾಗಿರಲಿಲ್ಲ. ಬಹಳ ಒಳ್ಳೆಯ ಆಲೋಚನೆ ಎಂದು ತಲೆಯಾಡಿಸಿ ಬಂದ ಶಿವಶಂಕರ, ನನ್ನ ಸ್ಟೋರಿನಿಂದಲೇ ರಟ್ಟು ತೆಗೆದುಕೊಂಡು ಹೋಗಿ, ಸ್ವಂತ ಕೈಯಲ್ಲಿ ಬಿಲ್ಲೆಗಳನ್ನು ಬರೆದ.

ಮಾರನೆಯ ಬೆಳಗ್ಗೆ ಬಿಲ್ಲೆ ಹಂಚಿಕೆ. ದೇವಯ್ಯ ‘ದೇವ’ನಾದ, ಅದರಿಂದ ಅವನಿಗೇನೂ ನಷ್ಟವಾದಂತೆ ಕಾಣಲಿಲ್ಲ. ಡ್ರಮ್ಮು ತುಂಬಿಸುವ ಮೇಸ್ತ್ರಿ ಸಣ್ಣಯ್ಯ ಆರಡಿಯ ಆಳು, ಒಂದು ತುಂಬಿದ ಡ್ರಮ್ಮನ್ನು ಒಬ್ಬನೇ ಹೊರಳಿಸುತ್ತಾನೆ. ಅವನ ಎದೆಯ ಮೇಲೆ ‘ಸಣ್ಣ’ ಎಂದು ಬಿತ್ತು. ಅವನು ಅದನ್ನು ಓದಿ, ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದ. ಅವನ ಹೆಂಡತಿ ಮುತ್ತಮ್ಮ ಮಿಡಿ ಆರಿಸುವ ಹೆಂಗಸರಿಗೆಲ್ಲ ಹಿರಿಯಳು, ಐವತ್ತು ದಾಟಿದ ಗಟ್ಟಿಗಿತ್ತಿ. ಅವಳ ಬಿಲ್ಲೆ ‘ಮುತ್ತು’.

ಇದರ ಪರಿಣಾಮವನ್ನು ಶಿವಶಂಕರ ಆಲೋಚಿಸಿರಲಿಲ್ಲ. ಯಾನ್ ಫೋನಿನಲ್ಲಿ ನೋಡಿಕೊಂಡು ಕನ್ನಡ ಕಲಿಯುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಮಿಡಿಯ ಅಳತೆಯ ಬಗ್ಗೆ ಏನೋ ಕೇಳುವುದಿತ್ತು. ಧ್ವನಿವರ್ಧಕದಲ್ಲಿ ಇಡೀ ಕಾರ್ಖಾನೆಗೆ ಕೇಳುವಂತೆ, ಸ್ಪಷ್ಟವಾಗಿ, “ನನಗೆ ಮುತ್ತು ಬೇಕು. ಈಗಲೇ ಬೇಕು” ಎಂದರು.

ಮಿಡಿ ಸುರಿಯುತ್ತಿದ್ದ ಕೈಗಳೆಲ್ಲ ನಿಂತವು. ನೂರು ಕಣ್ಣು ಮುತ್ತಮ್ಮನ ಮೇಲೆ, ಉಳಿದವು ಅವಳ ಗಂಡನ ಮೇಲೆ. ಮುತ್ತಮ್ಮ ಸೆರಗಿಗೆ ಕೈ ಒರೆಸಿಕೊಂಡು ನಿಧಾನವಾಗಿ ಆಫೀಸಿನ ಬಾಗಿಲಿಗೆ ಹೋಗಿ ನಿಂತಳು.

“ಮಾರಾಯ್ರೆ, ಅದುನ್ನ ನಿಮ್ಮ ಎಂಡ್ರು ತಾವ ಕೇಳ್ಬೇಕು. ಇಲ್ಲಿ ಮಿಡಿಸೌತೆ ಮಾತ್ರ ಸಿಗೋದು” ಎಂದಳು.

ಯಾನ್ ಕೆಂಪಗಾಗಿ ಫೋನು ತೆಗೆದು ನೋಡಿದರು, ಇನ್ನಷ್ಟು ಕೆಂಪಗಾದರು. ಹೆಂಗಸರು ಮಧ್ಯಾಹ್ನದ ತನಕ ನಗುತ್ತಲೇ ಇದ್ದರು. ಇಷ್ಟಕ್ಕೇ ಮುಗಿದಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು.

ಹೊನ್ನಪ್ಪನವರು ಆ ಬೆಳಗ್ಗೆ ಇರಲಿಲ್ಲ. ಹೊಸಹೊಳಲಿನಲ್ಲಿ ನೆಂಟರ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು, ಹೋಗಿದ್ದರು. ಶಿವಶಂಕರ ಅವರ ಬಿಲ್ಲೆಯನ್ನು ಗೇಟಿನ ಕೋಣೆಯ ಮೇಜಿನ ಮೇಲೆ ಇಟ್ಟು, ಮೇಲೆ ವೃತ್ತಪತ್ರಿಕೆ ಮುಚ್ಚಿ ಬಂದಿದ್ದ. ಎದುರಿಗೆ ನಿಂತು ಕೊಡುವ ಗಂಡಸುತನ ಯಾರಿಗಿದೆ? ಮೂರು ಗಂಟೆಗೆ ಅವರು ಹಬ್ಬದೂಟ ಉಂಡ ಮುಖದಲ್ಲಿ ಬಂದರು, ಪತ್ರಿಕೆ ಎತ್ತಿದರು, ಬಿಲ್ಲೆ ನೋಡಿದರು. ‘ಹೊನ್ನ’. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಅಕ್ಷರ ಯಾರದೆಂದು ಗುರುತು ಹಿಡಿಯಲು ಅವರಿಗೆ ಹೊತ್ತಾಗಲಿಲ್ಲ.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಹೆಸರಿನ ಬಾಲ ಅಂದರೆ ಸುಮ್ಮನೆ ಅಲ್ಲ. ಹೊನ್ನಪ್ಪನವರ ಮನೆಯವರು ಹಿಂದಿನಿಂದಲೂ ಜಮೀನಿದ್ದವರು. ಅವರಿಗೆ ಹುಟ್ಟಿದಾಗಲೇ ‘ಅಪ್ಪ’ ಬರುತ್ತದೆ. ಅವರ ಗದ್ದೆಗೆ ಕೂಲಿಗೆ ಬರುತ್ತಿದ್ದವರನ್ನು ಮಾತ್ರ ಅವರು ಬಾಲ ಕಿತ್ತೇ ಕರೆಯುತ್ತಿದ್ದರು. ಸಣ್ಣಯ್ಯನ ತಂದೆ ಅವರ ಗದ್ದೆಯಲ್ಲೇ ಸವೆದವನು. ಸಣ್ಣಯ್ಯನಿಗೂ ಹೊನ್ನಪ್ಪನವರಿಗೂ ಒಂದೇ ವಯಸ್ಸು, ಆದರೂ ಇವನು ಅವರಿಗೆ ‘ಹೊನ್ನಪ್ನೋರು’ ಎನ್ನುತ್ತಿದ್ದ, ಅವರು ಇವನಿಗೆ ‘ಲೇ ಸಣ್ಣ’ ಎನ್ನುತ್ತಿದ್ದರು. ಇದರಲ್ಲಿ ಏನಾದರೂ ವಿಶೇಷವಿದೆ ಎಂದು ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ.

ಹೊನ್ನಪ್ಪನವರು ಗೇಟು ಎಳೆದು, ಬೀಗ ಜಡಿದು, ಕೀಲಿಕೈಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ಗೇಟಿಗೆ ಅಡ್ಡ ಹಾಕಿ ಕೂತರು. ತುಂಬಿದ ಲಾರಿ ಒಳಗೆ ನಿಂತಿತ್ತು. ಅದು ಸಂಜೆಯೊಳಗೆ ಹೊರಡದಿದ್ದರೆ ಹಡಗು ತಪ್ಪುತ್ತದೆ.

“ಅಪ್ಪನ್ನ ಕಿತ್ತಾಕವ್ರೆ. ನನ್ನೆಸ್ರು ಪೂರ್ತಿ ಬರೋಗಂಟ ಈ ಗೇಟ್ ತಗ್ಯಾಕಿಲ್ಲ” ಎಂದರು.

ಸುದ್ದಿ ಊರಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಗೇಟಿನ ಆಚೆ ಹೊನ್ನಪ್ಪನವರ ಹೆಂಡತಿ ದ್ಯಾವಮ್ಮ, ಮಗಳು ಅರ್ಪಿತ, ಅವರ ಹಿಂದೆ ಅರ್ಧ ಊರು. ದ್ಯಾವಮ್ಮ ತಮ್ಮ ಅಳಿಯನ ಊರು, ಕುಲ, ಅವನನ್ನು ತೋರಿಸಿದ ದಲ್ಲಾಳಿ, ಮೂವರನ್ನೂ ಒಂದೇ ಉಸಿರಿನಲ್ಲಿ ವಿಚಾರಿಸಿಕೊಂಡರು. ಅರ್ಪಿತ ಹೆಚ್ಚು ಮಾತಾಡಲಿಲ್ಲ. ಗೇಟಿನ ಸರಳಿನ ಸಂದಿಯಿಂದ ಗಂಡನನ್ನು ನೋಡಿ, “ನಾಗಮಂಗ್ಲುಕ್ಕೆ ಸಂಜೆ ಬಸ್ಸೈತೆ. ನಮ್ಮಪ್ಪನ್ ಎಸ್ರು ಸರಿಯಾಗ್ದಿದ್ರೆ ನೀವು ಅದುಕ್ಕೆ ಅತ್ಕಂಡು ಓಗಿ” ಎಂದಳು. ಅವಳು ಹೇಳಿದರೆ ಹೇಳಿದ ಹಾಗೆಯೇ ಮಾಡುವವಳು.

ಯಾನ್ ಓಡಿ ಬಂದರು. ಗೇಟಿನವರಿಗೆ ಏನು ತೊಂದರೆ, ಹೆಸರು ಹಿಡಿದು ಕರೆದು ಗೇಟು ತೆಗೆಯಲು ಹೇಳು ಎಂದು ಶಿವಶಂಕರನ ಹೆಗಲ ಮೇಲೆ ಕೈಯಿಟ್ಟರು. ಮ್ಯಾನೇಜರ್ ಕುರ್ಚಿ ಈಚೆ ನಿಂತಿತ್ತು. ಹೆಂಡತಿ ಆಚೆ ನಿಂತಿದ್ದಳು. ‘ಹೊನ್ನ’ ಅಂದರೆ ಮನೆ ಹೋಯಿತು, ‘ಮಾವ’ ಅಂದರೆ ನೌಕರಿ ಹೋಯಿತು. ಶಿವಶಂಕರ ಎರಡು ಹೆಜ್ಜೆ ಮುಂದೆ ಹೋದ. ಕೆಮ್ಮಿದ.

“ಕೆಮ್ಮುಕ್ಕೆ ನಾನ್ ತಗ್ಯಾಕಿಲ್ಲ. ಎಸ್ರಿಡ್ದು ಕರಿ. ಯಾವೆಸ್ರಲ್ಲಿ ಕರೀತೀಯ ನೋಡಾನ” ಎಂದರು ಹೊನ್ನಪ್ಪನವರು.

ಅವನು ಮತ್ತೆ ಕೆಮ್ಮಿದ. ಈ ಸಲ ನಿಜವಾಗಿಯೇ ಕೆಮ್ಮು ಬಂದು ನಿಲ್ಲಲಿಲ್ಲ. ಹೊನ್ನಪ್ಪನವರು ಅವನಿಂದ ಮುಖ ತಿರುಗಿಸಿ, ಲಾರಿಯ ಮೇಲೆ ಹಗ್ಗ ಬಿಗಿಯುತ್ತಿದ್ದ ಸಣ್ಣಯ್ಯನ ಕಡೆ ನೋಡಿದರು.

“ನೋಡ್ಲಾ ಸಣ್ಣ, ಕಾಲ ಎಲ್ಲೀಗಂಟ ಬಂತು. ನೀನೇ ಯೋಳ್ಲಾ, ಇದು ಮರ್ವಾದೆಯಾ?”

ಸಣ್ಣಯ್ಯ ಹಗ್ಗದ ಗಂಟು ಮುಗಿಸಿ, ಲಾರಿಯಿಂದ ಇಳಿದು ಬಂದ. ತನ್ನ ಬಿಲ್ಲೆ ನೋಡಿಕೊಂಡ. ಅವರ ಕೈಯಲ್ಲಿದ್ದ ಬಿಲ್ಲೆ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೊತ್ತೆಷ್ಟು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ.

“ಮರ್ವಾದೆ ಇಚಾರ ನಂಗೇನ್ ಗೊತ್ತು, ಹೊನ್ನ. ನಂಗೆ ಉಟ್ಟಾಗ್ಲಿಂದ ಇದೇ ಬಿಲ್ಲೆ.”

ಹೊನ್ನಪ್ಪನವರನ್ನು ಹಾಗೆ ಕರೆದವರು ಅವರ ಅಜ್ಜಿಯ ನಂತರ ಯಾರೂ ಇರಲಿಲ್ಲ. ಅವರ ಮುಖ ಕಪ್ಪಾಯಿತು, ಕುರ್ಚಿಯ ಕೈ ಹಿಡಿದು ಏಳತೊಡಗಿದರು. ಹೊಡೆದಾಟವೇ ಆಗುತ್ತದೆ ಎಂದು ನಾನು ಕಿಟಕಿ ಬಿಟ್ಟು ಹೊರಗೆ ಓಡಿದೆ. ನನಗಿಂತ ಮುಂಚೆ ಶಿವಶಂಕರ ಇಬ್ಬರ ನಡುವೆ ನುಗ್ಗಿ, ಯಾನ್ ಪಕ್ಕದಲ್ಲಿರುವುದನ್ನು ಪೂರ್ತಿ ಮರೆತು, ಎರಡೂ ಕೈ ಮುಗಿದು ಕೂಗಿದ:

“ಮಾವ, ತಪ್ಪಾಯ್ತು ಮಾವ. ಬರ್ದೋನು ನಾನು. ಅವ್ನುನ್ನ ಏನೂ ಅನ್ಬ್ಯಾಡಿ ಮಾವ.”

ಯಾನ್‌ಗೆ ಆ ಮಾತು ಹಿಡಿಸಿತು. ಇಷ್ಟು ದಿನ ಕೆಮ್ಮುತ್ತಿದ್ದ ಮನುಷ್ಯ ಕೊನೆಗೂ ಒಂದು ಹೆಸರು ಹಿಡಿದು ಕರೆದನಲ್ಲ, ಇದೇ ಸರಿಯಾದ ಹೆಸರಿರಬೇಕು ಎಂದುಕೊಂಡು, ತಾವೂ ಮುಂದೆ ಬಂದು, ಅಷ್ಟೆತ್ತರದ ದೇಹವನ್ನು ಬಗ್ಗಿಸಿ, ಕೈ ಮುಗಿದು, “ಮಾವ, ತಪ್ಪಾಯ್ತು ಮಾವ” ಎಂದರು.

ಹೊನ್ನಪ್ಪನವರು ಅರ್ಧ ಎದ್ದವರು ಹಾಗೇ ನಿಂತರು. ಒಂದು ಸಲ ಯಾನ್ ಕಡೆ, ಒಂದು ಸಲ ಗೇಟಿನಾಚೆಯ ಮಗಳ ಕಡೆ ನೋಡಿದರು.

“ಇಲ್ಲ ಕನಪ್ಪ, ನಂಗಿರಾದು ಒಬ್ಳೇ ಮಗ್ಳು. ಅವ್ಳನ್ನೂ ಆಗ್ಲೇ ಕೊಟ್ಬುಟ್ಟಿವ್ನಿ. ಕೊಟ್ಟ ತಪ್ಪುಗೇ ಇಲ್ಲಿ ಕುಂತಿರಾದು.”

ಮೊದಲು ನಕ್ಕವಳು ಮುತ್ತಮ್ಮ. ಆಮೇಲೆ ಆಚೆಯಿಂದ ದ್ಯಾವಮ್ಮ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಹೇಳಲಾರೆ. ಯಾನ್‌ಗೆ ಅರ್ಥವಾಗದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕರು. ಹೊನ್ನಪ್ಪನವರು ಮಾತ್ರ ನಗಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ನಗು ಅಡಗುವ ತನಕ ಅದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ತಲೆಯೆತ್ತಿ, ಗಂಟಲು ಸರಿಮಾಡಿಕೊಂಡರು.

“ಸಣ್ಣಯ್ಯ, ಒಸಿ ಬಾರಪ್ಪ. ಬೀಗ ಬಿಗಿಯಾಗೈತೆ, ನನ್ ಕೈಲಾಗಾಕಿಲ್ಲ” ಎಂದರು.

ಬೀಗವೇನೂ ಬಿಗಿಯಾಗಿರಲಿಲ್ಲ. ನಾನು ದಿನಾ ನೋಡುವ ಬೀಗ ಅದು. ಸಣ್ಣಯ್ಯ ಬಂದು, “ಕೊಡಿ ಹೊನ್ನಪ್ನೋರೆ” ಎಂದು ಕೀಲಿಕೈ ತೆಗೆದುಕೊಂಡು ಗೇಟು ತೆಗೆದ. ಲಾರಿ ಹೊರಟಿತು. ಅವತ್ತು ಸಂಜೆಯ ನಾಗಮಂಗಲದ ಬಸ್ಸು ಶಿವಶಂಕರನಿಲ್ಲದೆಯೇ ಹೋಯಿತು.

ಜನರೆಲ್ಲ ಚೆದುರಿದ ಮೇಲೆ, ನಡೆದದ್ದೇನು ಎಂದು ಯಾನ್ ಕೇಳಿದರು. ಶಿವಶಂಕರ ಹೇಗೂ ನೌಕರಿ ಹೋಯಿತು ಎಂದು ತಿಳಿದು ಧೈರ್ಯವಾಗಿ ಎಲ್ಲ ಹೇಳಿಬಿಟ್ಟ. ಬಾಲ ಕಿತ್ತು ಕರೆಯುವುದು ನಮ್ಮಲ್ಲಿ ಸಮಾನತೆ ಅಲ್ಲ, ಹಳೆಯ ಅವಮಾನ. ಬಿಲ್ಲೆ ಬೇಡ, ನಿಮ್ಮ ಆಲೋಚನೆ ತಪ್ಪು, ನನ್ನದು ಅದಕ್ಕಿಂತ ತಪ್ಪು ಎಂದ. ಯಾನ್ ಎದ್ದು ಅವನ ಕೈ ಹಿಡಿದು ಕುಲುಕಿದರು. ಇಲ್ಲಿಗೆ ಬಂದಾಗಿನಿಂದ ನನಗೆ ಒಬ್ಬರಾದರೂ ‘ತಪ್ಪು’ ಅನ್ನುತ್ತಾರೇನೋ ಎಂದು ಕಾಯುತ್ತಿದ್ದೆ, ನೀನೇ ಮುಂದಿನ ಮ್ಯಾನೇಜರ್ ಎಂದರು. ಶಿವಶಂಕರ ಸ್ಟೋರಿಗೆ ಬಂದು ಮೂಟೆಯ ಮೇಲೆ ಕೂತು, ನೀರು ಕೇಳಿ ಕುಡಿದ.

ಬಿಲ್ಲೆಗಳು ಹೋದವು. ಅವರವರ ಅಪ್ಪ ಅಮ್ಮ ಅಯ್ಯ ಅವರವರಿಗೆ ವಾಪಸಾದರು. ಆದರೆ ಯಾನ್ ಬಾಯಿಂದ ‘ಮಾವ’ ಮಾತ್ರ ಹೋಗಲಿಲ್ಲ. ಅವರು ದಿನಾ ಗೇಟಿನಲ್ಲಿ “ನಮಸ್ಕಾರ ಮಾವ” ಎನ್ನುವುದನ್ನು ಕೇಳಿ ಕೇಳಿ ಹುಡುಗರೂ ಹಾಗೇ ಅನ್ನತೊಡಗಿದರು. ಗೇಟಿನವರು ಎಲ್ಲರಿಗೂ ಮಾವನಾದ ಮೇಲೆ ಶಿವಶಂಕರನನ್ನು ಏನೆಂದು ಕರೆಯುವುದು? ಮುತ್ತಮ್ಮ ಮೊದಲು ‘ಅಳಿಮಯ್ಯ’ ಅಂದಳು, ಅದೇ ನಿಂತಿತು. ಕೆಮ್ಮು ನಿಂತಿತು. ಯಾರ ಬಾಯಿಂದಲೂ ‘ಸಾರ್’ ಬರಲಿಲ್ಲ. ಮನೆಯ ಯಾವ ಪಟ್ಟವನ್ನು ಮರೆಯಲು ಅವನು ಕಾರ್ಖಾನೆಗೆ ಬರುತ್ತಿದ್ದನೋ, ಅದನ್ನೇ ಈಗ ಕಾರ್ಖಾನೆಯ ಉದ್ದಕ್ಕೂ ಕೂಗುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿತ್ತು, ಆದರೆ ಅದರಲ್ಲಿ ‘ಅಯ್ಯ’ ಇರುವುದರಿಂದ ಜಗಳ ಆಡಲು ದಾರಿಯಿರಲಿಲ್ಲ.

ಯಾನ್ ಹೊರಡುವ ವಾರ ಪಾಂಡವಪುರದ ಬೋರ್ಡು ಬರೆಯುವವನ ಹತ್ತಿರ ಬಾಗಿಲಿಗೆ ಹಾಕುವ ಫಲಕ ಬರೆಸಿದರು. ಎಲ್ಲರೂ ಕರೆಯುವ ಹೆಸರೇ ಇರಲಿ ಎಂದು ಅವರ ಆಸೆ. ಒಳಗೆ ಬರುವ ಪ್ರತಿ ಸಾಮಾನನ್ನೂ ಗೇಟಿನಲ್ಲಿ ಬಿಚ್ಚಿ ನೋಡುವುದು ಹೊನ್ನಪ್ಪನವರ ಕೆಲಸ. ಕಾಗದ ಬಿಚ್ಚಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದರು: ‘ಅಳಿಮಯ್ಯ, ಮ್ಯಾನೇಜರ್’. ಮತ್ತೆ ಜೋಪಾನವಾಗಿ ಕಾಗದ ಸುತ್ತಿ ಒಳಗೆ ಕಳಿಸಿದರು.

ಮಾರನೆಯ ಬೆಳಗ್ಗೆ ಶಿವಶಂಕರನ ಬೈಕು ಬಂತು. ಹೊನ್ನಪ್ಪನವರು ಗೇಟಿನ ಎರಡೂ ಬಾಗಿಲನ್ನು ತೆಗೆದರು.

“ಬನ್ನಿ ಅಳಿಮಯ್ಯ” ಎಂದರು.

ಶಿವಶಂಕರ ಗೇಟಿನ ನಡುವೆ ಬೈಕು ನಿಲ್ಲಿಸಿದ. ನನ್ನ ಕಿಟಕಿಯ ಕಡೆ ತಿರುಗಿ, ಅವರು ಯಾರಿಗೆ ಅಂದದ್ದು ಎಂದು ಕೈಸನ್ನೆಯಲ್ಲೇ ಕೇಳಿದ. ನಿನಗೇ ಕಣಯ್ಯ, ಒಳಗೆ ಬಾ ಎಂದೆ.